ನೂರಕ್ಕೆ ನಲವತ್ತೊಂಬತ್ತು

ಕ್ಲಾಸೆನ್ಸ್ ಬೆಂಡ್, ಮಿಸೌರಿ
10 ಅಕ್ಟೋಬರ್ 1993

ಪ್ರೀತಿಯ ಲೋಯಿಸ್,

ನೀನು ಕಳಿಸಿದ ಡಬ್ಬ ತಲುಪಿತು. ಟವೆಲ್ಲುಗಳನ್ನು ಚರ್ಚಿಗೆ ಕೊಟ್ಟೆ. ರಬ್ಬರ್ ಕೈಗವಸುಗಳನ್ನು ನಾನೇ ಇಟ್ಟುಕೊಂಡೆ.

ಜುಲೈನಲ್ಲಿ ದಂಡೆಯ ಏರಿಯನ್ನು ಒಡೆದು ಒಳಗೆ ಬಂದ ನದಿ ಸೆಪ್ಟೆಂಬರ್ ಮುಗಿಯುವ ತನಕ ಹೊಳೆಬೀದಿಯಲ್ಲೇ ಬಿಡಾರ ಹೂಡಿತ್ತು. ಈಗ ಹೋಗಿದೆ. ಕೆಸರು, ವಾಸನೆ ಉಳಿದಿವೆ. ಇನ್ನು ನನ್ನ ಸರದಿ. ನಾನು ಪುರಸಭೆಯ ಗುಮಾಸ್ತೆ ಮಾತ್ರವಲ್ಲ, ನೆರೆ ನಿಯಮಗಳ ಅಧಿಕಾರಿಯೂ ಹೌದು ಎನ್ನುವುದು ನಿನಗೆ ನೆನಪಿರಬಹುದು. ಇಷ್ಟು ಸಣ್ಣ ಊರಿನಲ್ಲಿ ಎರಡು ಕುರ್ಚಿಗೆ ಒಬ್ಬಳೇ ಹೆಂಗಸು ಸಾಕು. ಡೆಲ್ಬರ್ಟ್ ನನಗೆ 'ನೀರಿನ ದೊರೆಸಾನಿ' ಎಂದು ಹೆಸರಿಟ್ಟಿದ್ದ. ಕಾಫಿ ಅಂಗಡಿಯಲ್ಲಿ ಈಗಲೂ ಹಾಗೇ ಕರೆಯುತ್ತಾರೆ, ಆದರೆ ಈ ತಿಂಗಳು ಯಾರೂ ನಗುತ್ತಿಲ್ಲ.

ಮುಳುಗಿದ ಪ್ರತಿಯೊಂದು ಮನೆಗೂ ಹೋಗಿ, ಗೋಡೆ, ನೆಲ, ವೈರಿಂಗ್ ಎಲ್ಲ ನೋಡಿ, ಮನೆಯ ಬೆಲೆಯಲ್ಲಿ ನೂರಕ್ಕೆ ಎಷ್ಟು ಪಾಲು ಹಾಳಾಗಿದೆ ಎಂದು ನಾನು ಬರೆಯಬೇಕು. ಐವತ್ತರ ಕೆಳಗಿದ್ದರೆ ಇದ್ದ ಹಾಗೆಯೇ ರಿಪೇರಿ ಮಾಡಿಕೊಂಡು ಇರಬಹುದು. ಐವತ್ತು ಮುಟ್ಟಿದರೆ ಮನೆಯನ್ನು ನೆರೆಯ ಮಟ್ಟಕ್ಕಿಂತ ಮೇಲಕ್ಕೆತ್ತಿ ಕಟ್ಟಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಹಾಗಾಗಿ ಊರಿಗೆ ಊರೇ ನಲವತ್ತೊಂಬತ್ತನ್ನು ಬೇಡುತ್ತಿದೆ. ಮುದುಕಿ ಹಿಲ್ಡಾ ಶ್ರೋಯರ್ ನಿನ್ನೆ ಸೇಬಿನ ಪೈ ತಂದಳು. ಮೇಲುಗಡೆ ಹಿಟ್ಟಿನಲ್ಲೇ ನಲವತ್ತೊಂಬತ್ತು ಎಂದು ಕೊರೆದಿದ್ದಳು. ಪೈ ತಿಂದೆ. ಐವತ್ತೆಂಟು ಬರೆದೆ.

ಕಲ್ಲು ಮನಸ್ಸು ಅನ್ನಬೇಡ. ನಾನು ಸಡಿಲ ಬಿಟ್ಟರೆ ನೆರೆ ವಿಮೆಯವರು ಊರಿಗೆ ಕೊಟ್ಟ ದರ್ಜೆ ಹೋಗುತ್ತದೆ. ನಮ್ಮದು ಎಂಟನೇ ದರ್ಜೆ. ಇದರಲ್ಲಿ ಅಂಕೆ ಇಳಿದಷ್ಟೂ ಗೌರವ ಹೆಚ್ಚು, ಹತ್ತು ಎಂದರೆ ಏನೂ ಇಲ್ಲದ ಊರು. ಎಂಟರಲ್ಲಿರುವುದರಿಂದ ಇಲ್ಲಿನ ಪ್ರತಿ ಮನೆಯ ನೆರೆ ವಿಮೆಯಲ್ಲೂ ಹತ್ತರಲ್ಲಿ ಒಂದು ಪಾಲು ಕಡಿತ. ಅದನ್ನು ತಂದುಕೊಟ್ಟವಳು ನಾನು. ಯಾರಿಗೂ ನೆನಪಿಲ್ಲ, ನನಗಿದೆ.

ಗುರುವಾರ ಡೆಲ್ಬರ್ಟನ ಮನೆಗೆ ಹೋಗುತ್ತೇನೆ. ಅವನು, ನೀನು, ನಾನು, ಮೂವರೂ ಒಂದೇ ತಾಯಿಗೆ ಹುಟ್ಟಿದ ಮನೆ. ಚರ್ಚಿನಿಂದ ಬಂದ ಭಾನುವಾರ, ಒಲೆಯಲ್ಲಿ ಮಾಂಸ ಬೇಯುತ್ತಿದ್ದಾಗ, ಮದುವೆಯಾಗದೆ ಹೊಟ್ಟೆಯಲ್ಲಿ ಜನೀನಳನ್ನು ಹೊತ್ತಿದ್ದ ನಿನ್ನನ್ನು ಹೊರಗಟ್ಟಿ, ನಿನ್ನ ಸೂಟ್‌ಕೇಸನ್ನು ಅವನು ಹಿಮದ ಜಗಲಿಯ ಮೇಲಿಟ್ಟು ಬಾಗಿಲು ಹಾಕಿಕೊಂಡ ಮನೆ. ಅದನ್ನಾದರೂ ಕ್ಷಮಿಸಬಹುದಿತ್ತೇನೋ. ಅಮ್ಮ ಸಾಯುವಾಗ ನಿನ್ನನ್ನು ಕೇಳುತ್ತಿದ್ದಳು. "ಫೋನ್ ಮಾಡಿದ್ದೆ ಅಮ್ಮ, ಬರಲ್ಲ ಅಂದ್ಲು" ಎಂದ. ಅವನು ಫೋನೇ ಮಾಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಮಣ್ಣು ಮಾಡಿ ಬಂದ ಮೇಲೆ, ನಿನ್ನ ಕಾಗದದಿಂದ. ಅಂದಿನಿಂದ ನೀನೂ ನಾನೂ ಫೋನನ್ನು ನಂಬುವುದಿಲ್ಲ.

ಈಗ ಅವನ ಮನೆ ನನ್ನ ಪೆನ್ಸಿಲ್ಲಿನ ತುದಿಯಲ್ಲಿದೆ. ನನಗೆ ಸಂತೋಷವಾಗುತ್ತಿದೆ ಲೋಯಿಸ್. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನಿನ್ನ
ಅರ್ಲೀನ್


ಸ್ಪೋಕೇನ್, ವಾಷಿಂಗ್ಟನ್
24 ಅಕ್ಟೋಬರ್ 1993

ಅಕ್ಕಾ,

ನಿನ್ನ ಕಾಗದ ಶಾಲೆಯ ಅಡುಗೆಮನೆಯಲ್ಲಿ, ಮಕ್ಕಳ ಊಟದ ಗಂಟೆ ಹೊಡೆಯೋದರೊಳಗೆ ಓದಿದೆ. ಓದಿದ ಮೇಲೆ ಸೂಪಿಗೆ ಎರಡನೇ ಸಲ ಉಪ್ಪು ಹಾಕಿದೀನಿ ಅಂತ ಗೊತ್ತಾಗಿದ್ದು ಮಕ್ಕಳು ಮುಖ ಕಿವುಚಿದಾಗ.

ನನಗೋಸ್ಕರ ಏನೂ ಮಾಡಬೇಡ. ಸಿಟ್ಟು ನನಗೂ ಇತ್ತು. ಆದರೆ ನಾನು ಅದನ್ನ ಸಾಕಲಿಕ್ಕೆ ಆಗಲಿಲ್ಲ ಕಣೇ, ಒಂದು ಮಗು ಸಾಕಬೇಕಿತ್ತು. ನೀನು ಅಲ್ಲೇ ಇದ್ದೆ, ದಿನಾ ಅವನ ಮುಖ ನೋಡ್ತಿದ್ದೆ, ಅದಕ್ಕೇ ನಿನ್ನದು ಹೊಸದಾಗೇ ಉಳಿದುಬಿಡ್ತು ಅಂತ ಕಾಣುತ್ತೆ.

ನಿನ್ನ ಕೆಲಸ ಏನು ಹೇಳುತ್ತೋ ಅಷ್ಟು ಮಾಡು, ಅದಕ್ಕಿಂತ ಒಂದು ಕೂದಲು ಹೆಚ್ಚಲ್ಲ, ಕಮ್ಮಿಯಲ್ಲ. ಅವನ ಹೆಂಡತಿಯೂ ಇಲ್ಲ ಈಗ. ಆ ಮನೆ ಬಿಟ್ಟರೆ ಅವನ ಹತ್ರ ಏನಿದೆ?

ಅಮ್ಮನ ಹೊಲಿಗೆ ಮಿಷನ್ ನೀರಲ್ಲಿ ಹೋಯ್ತಾ? ಅದೊಂದು ತಿಳಿಸು.

ಲೋಯಿಸ್


ಕ್ಲಾಸೆನ್ಸ್ ಬೆಂಡ್
7 ನವೆಂಬರ್ 1993

ಪ್ರೀತಿಯ ಲೋಯಿಸ್,

ಹೊಲಿಗೆ ಮಿಷನ್ ಉಳಿದಿದೆ. ನೀರು ಬರುವ ಮುಂಚೆ ಅದನ್ನು ಅಟ್ಟಕ್ಕೆ ಹೊತ್ತು ಹಾಕಿದ್ದನಂತೆ. ತನ್ನ ಬೇಟೆ ಬಂದೂಕುಗಳನ್ನು ಕೆಳಗೇ ಬಿಟ್ಟಿದ್ದ. ಅವು ತುಕ್ಕು ಹಿಡಿದಿವೆ.

ನಿನಗೆ ಹೇಳಬೇಕಾದ ಇನ್ನೊಂದು ಸಂಗತಿ ಇದೆ, ಬೇರೆಯವರಿಗೆ ಸದ್ಯ ಹೇಳುವಂತಿಲ್ಲ. ಹೋದ ತಿಂಗಳು ರಾಜಧಾನಿಯಲ್ಲಿ ಅಧಿಕಾರಿಗಳ ಸಭೆಗೆ ಹೋಗಿದ್ದೆ. ಐವತ್ತು ದಾಟಿದ ಮನೆಗಳನ್ನು ಸರ್ಕಾರವೇ ಒಳ್ಳೆಯ ಬೆಲೆಗೆ ಕೊಂಡುಕೊಂಡು ಕೆಡವುತ್ತದಂತೆ. ಆ ಜನ ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಳ್ಳಬಹುದು. ಐವತ್ತರ ಕೆಳಗಿನವರನ್ನು ಕೇಳುವವರಿಲ್ಲ. ಅವರು ಅಲ್ಲೇ ನದಿಯ ಪಕ್ಕದಲ್ಲಿ ಇರುತ್ತಾರೆ, ಮುಂದಿನ ನೀರಿನ ತನಕ. ಐವತ್ತೆಂಟು ನೋಡಿ ಕಣ್ಣೀರು ಹಾಕಿದ ಹಿಲ್ಡಾ ಬೇಸಿಗೆಯ ಹೊತ್ತಿಗೆ ನನಗೆ ಮುತ್ತು ಕೊಡುತ್ತಾಳೆ.

ಡೆಲ್ಬರ್ಟ್ ಮಂಗಳವಾರ ಕಚೇರಿಗೆ ಬಂದ.

"ಕೂತ್ಕೊಳ್ಲಾ?" ಎಂದ. ನನ್ನ ಮುಂದೆ ಅವನು ಕೇಳಿ ಕೂತದ್ದು ಇದೇ ಮೊದಲು.

"ಪುರಸಭೆ ಕುರ್ಚಿ. ಕೂತ್ಕೋ."

"ಎಷ್ಟು ಬಂತು?"

"ಅರವತ್ತೆರಡು."

ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಅರವತ್ತೆರಡು ಅಂದ್ರೆ ನನ್ನ ಕಥೆ ಮುಗೀತು. ಎತ್ತಿ ಕಟ್ಟೋಕೆ ನನ್ನ ಹತ್ರ ಏನಿದೆ? ಅಪ್ಪ ಕಟ್ಟಿದ ಮನೆ ಕಣೇ. ಈ ವಯಸ್ಸಲ್ಲಿ ಯಾವನದೋ ಟ್ರೇಲರ್ ಮನೇಲಿ ಬಿದ್ಕೊಳ್ಲಾ?"

"ಲೋಯಿಸ್ ಎಲ್ಲಿ ಬಿದ್ಕೊಂಡಿದ್ಲು ಅಂತ ಒಂದಿನಾನಾದ್ರೂ ಕೇಳಿದ್ಯಾ?"

ಟೋಪಿಯನ್ನೇ ನೋಡುತ್ತಿದ್ದ. "ನಿನ್ನ ಹತ್ರ ಯಾವತ್ತೂ ಏನೂ ಕೇಳ್ದವನಲ್ಲ ನಾನು. ಇದೊಂದು. ನಲವತ್ತೊಂಬತ್ತು ಬರಿ."

"ನೀನಾಗಿ ಕೇಳ್ತಿದೀಯ. ಆಮೇಲೆ ನನ್ನ ಮೇಲೆ ಹಾಕ್ಬೇಡ."

"ನಾನೇ ಕೇಳ್ತಿದೀನಿ ಅರ್ಲೀನ್. ಬೇಡ್ಕೋತಿದೀನಿ."

ಬರೆದೆ. ಅವನ ಎದುರಿಗೇ ಅರವತ್ತೆರಡನ್ನು ಅಳಿಸಿ ನಲವತ್ತೊಂಬತ್ತು ಬರೆದೆ. ಊರಿನಲ್ಲಿ ನಾನು ಮಾಡಿದ ಮೊದಲನೇ ಸುಳ್ಳು ಲೆಕ್ಕ ಅದು. ಅವನು ನನ್ನ ಕೈ ಹಿಡಿದುಕೊಂಡ. ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ.

ಅವನಿಗೆ ಬೇಕಾದದ್ದನ್ನೇ ಕೊಟ್ಟಿದ್ದೇನೆ. ಮುಂದಿನದನ್ನು ನದಿ ನೋಡಿಕೊಳ್ಳಲಿ.

ಅರ್ಲೀನ್


ಸ್ಪೋಕೇನ್
2 ಡಿಸೆಂಬರ್ 1993

ನನ್ನ ಅಕ್ಕಾ,

ಅತ್ತುಬಿಟ್ಟೆ. ಜನೀನಗೆ ನಿನ್ನ ಕಾಗದ ಜೋರಾಗಿ ಓದಿ ಹೇಳ್ತಾ ಇದ್ದೆ. ಅವನ ಎದುರಿಗೇ ಅಳಿಸಿದೆ ಅನ್ನೋ ಜಾಗಕ್ಕೆ ಬಂದಾಗ ಕಾಗದ ಅವಳ ಕೈಗೆ ಕೊಟ್ಟೆ, ಮುಂದಿನದನ್ನ ಅವಳೇ ಓದಿದಳು. ಇಪ್ಪತ್ತು ವರ್ಷ ಹೊತ್ತಿದ್ದನ್ನ ಒಂದು ರಬ್ಬರಲ್ಲಿ ಅಳಿಸಿಬಿಟ್ಟೆಯಲ್ಲ. ಅದೂ ನಿನ್ನ ಕೆಲಸ ಪಣಕ್ಕಿಟ್ಟು. ನನಗೆ ಬಯ್ಯೋಕೆ ಬರಲ್ಲ ಅಂತ ನೀನು ಹಂಗಿಸ್ತಿದ್ದೆ, ನೋಡು, ನಿನಗೇ ಬರಲ್ಲ.

ಮುಂದಿನದನ್ನ ನದಿಗೆ ಬಿಟ್ಟೆ ಅಂದೆಯಲ್ಲ, ಅದನ್ನ ನಾನೂ ಹಾಗೇ ಮಾಡಬೇಕು ಅಂತಿದೀನಿ. ನಮ್ಮ ಪಾದ್ರಿ ಹೇಳೋದೂ ಅದೇ, ಬಿಟ್ಟುಬಿಡು ಅಂತ.

ಈ ಸಲ ಅವನಿಗೆ ಕ್ರಿಸ್‌ಮಸ್ ಕಾರ್ಡ್ ಹಾಕಿದೀನಿ. ಹೆಸರು ಬಿಟ್ಟು ಏನೂ ಬರೆದಿಲ್ಲ. ಕವರಿನ ಮೇಲೆ ಆ ವಿಳಾಸ ಎಲ್ಲೂ ನೋಡದೇ ಬರೆದೆ.

ನಿನ್ನ ತಂಗಿ,
ಲೋಯಿಸ್


ಕ್ಲಾಸೆನ್ಸ್ ಬೆಂಡ್
17 ಏಪ್ರಿಲ್ 1994

ಪ್ರೀತಿಯ ಲೋಯಿಸ್,

ಇಷ್ಟು ದಿನ ಬರೆಯದಿದ್ದಕ್ಕೆ ಕೆಲಸವೇ ಕಾರಣ. ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲು ಕೂತಿದ್ದೆ, ಎರಡು ಸಲ. ನೀನು ನನ್ನನ್ನು ನಾನು ಅಲ್ಲದವಳಂತೆ ಓದಿದ್ದೀಯ. ತಿದ್ದಬೇಕೆಂದುಕೊಂಡೆ. ಆದರೆ ಒಬ್ಬರಾದರೂ ಹಾಗೆ ಅಂದುಕೊಂಡಿರಲಿ ಎನ್ನಿಸಿತು.

ಸರ್ಕಾರ ಮನೆ ಕೊಳ್ಳುವ ಸುದ್ದಿ ಹೊರಬಿದ್ದಿದೆ. ಐವತ್ತು ದಾಟಿದವರೆಲ್ಲ ರುಜು ಹಾಕಿದರು. ಹಿಲ್ಡಾ ಮುತ್ತು ಕೊಟ್ಟಳು, ನಾನು ಹೇಳಿರಲಿಲ್ಲವೇ? ಹೊಳೆಬೀದಿಯಲ್ಲಿ ಮನೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಆ ಜಾಗದಲ್ಲಿ ಇನ್ನು ಯಾರೂ ಎಂದೂ ಏನೂ ಕಟ್ಟುವಂತಿಲ್ಲ. ಬರೀ ಹುಲ್ಲು. ಬಯಲು ಬಿಟ್ಟಷ್ಟೂ ಊರಿಗೆ ಅಂಕ ಸಿಗುತ್ತದೆ. ದರ್ಜೆ ಪರಿಶೀಲಿಸಲು ಬಂದವನು ನನ್ನ ಕಡತ ನೋಡಿ, "ಇಷ್ಟು ಅಚ್ಚುಕಟ್ಟು ದೊಡ್ಡ ಊರುಗಳಲ್ಲೂ ಇಲ್ಲ ಮೇಡಂ" ಎಂದ. ಒಂದು ಮನೆಯ ಅಂಕಿ ಅವನ ಬೆರಳಿನ ಕೆಳಗೇ ಇತ್ತು. ಹಾಳೆ ತಿರುಗಿಸಿದ.

ಡೆಲ್ಬರ್ಟ್ ಬಂದಿದ್ದ. "ನನ್ನನ್ನೂ ಆ ಪಟ್ಟಿಗೆ ಹಾಕೋಕಾಗಲ್ವಾ?"

"ನಿನ್ನದು ನಲವತ್ತೊಂಬತ್ತು ಅಲ್ವಾ?"

"ಹೌದು," ಎಂದ. ಟೋಪಿ ಹಾಕಿಕೊಂಡ. "ನೀನಾದ್ರೂ ಏನ್ ಮಾಡ್ತೀಯ, ನಾನೇ ಬರೆಸ್ಕೊಂಡಿದ್ದು. ಹೊಸ ನೆಲ ಹಾಕಿಸಿದೀನಿ, ಬಂದು ನೋಡು."

ಬೀದಿಯಲ್ಲಿ ಈಗ ಅವನ ಮನೆ ಒಂದೇ ನಿಂತಿದೆ. ಎದುರಿನ ಏರಿಗೆ ಒಡೆದ ಕಡೆ ಬರೀ ಮರಳು ತುಂಬಿದ್ದಾರೆ. ದಿನಾ ಸಂಜೆ ಗುಡ್ಡದಿಂದ ಅವನ ದೀಪ ಕಾಣುತ್ತದೆ. ನೋಡುತ್ತೇನೆ. ನನಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಇನ್ನೂ ಆಗಿಲ್ಲ.

ಅರ್ಲೀನ್


ಸ್ಪೋಕೇನ್
18 ಸೆಪ್ಟೆಂಬರ್ 1994

ಅಕ್ಕಾ,

ಇಲ್ಲಿ ಎಲ್ಲ ಚೆನ್ನಾಗಿದೀವಿ. ಜನೀನ ನರ್ಸಿಂಗ್ ಓದಬೇಕು ಅಂತ ಐದಾರು ಕಡೆ ಅರ್ಜಿ ಹಾಕಿದಾಳೆ. ಎಲ್ಲಿ ಸಿಗುತ್ತೋ ಗೊತ್ತಿಲ್ಲ. ನನಗೆ ಮೊಣಕಾಲು ನೋವು, ಅಡುಗೆಮನೆಯ ಸಿಮೆಂಟು ನೆಲ. ಬೇರೇನೂ ವಿಶೇಷ ಇಲ್ಲ.

ಅಣ್ಣನ ಮನೆ ಕಡೆ ಹೋಗಿದ್ಯಾ? ಒಂದು ಸಲ ಹೋಗಿ ಬಾ.

ಲೋಯಿಸ್


ಕ್ಲಾಸೆನ್ಸ್ ಬೆಂಡ್
23 ಏಪ್ರಿಲ್ 1995

ಲೋಯಿಸ್,

ಕಳೆದ ಕಾಗದದಲ್ಲಿ ನೀನು ಅವನನ್ನು 'ಅಣ್ಣ' ಎಂದು ಬರೆದಿದ್ದೆ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಚರ್ಚಿನಲ್ಲಿ ಯಾರೋ, "ಡೆಲ್ಬರ್ಟನ ಮನೇಲಿ ಹುಡುಗಿ ಇದಾಳಂತೆ" ಎಂದರು. ಬಾಡಿಗೆಯವಳಿರಬೇಕು ಅಂದುಕೊಂಡೆ. ನಿನ್ನೆ ಹೋದೆ. ಬಾಗಿಲು ತೆರೆದವಳಿಗೆ ಅಮ್ಮನ ಹಣೆ ಇತ್ತು.

"ಅರ್ಲೀನ್ ದೊಡ್ಡಮ್ಮ ಅಲ್ವಾ? ಫೋಟೋದಲ್ಲಿದ್ದ ಹಾಗೇ ಇದೀರ."

"ನೀನು ಯಾವಾಗ ಬಂದೆ?"

"ಈಸ್ಟರ್‌ಗೆ ಬಂದೆ. ಸೇತುವೆ ಆಚೆ ನರ್ಸಿಂಗ್ ಸ್ಕೂಲಲ್ಲಿ ಸೀಟ್ ಸಿಕ್ತು. ಹಬ್ಬದೂಟಕ್ಕೆ ನಿಮ್ಮನ್ನ ಕರೆಯೋಣ ಅಂದೆ, ಮಾವ ಹೆದರಿಕೊಂಡ್ರು."

"ಯಾಕೆ?"

"ನೀವು ಬರಲ್ಲ ಅಂದುಬಿಟ್ರೆ ಅಂತ."

ಅವಳ ಕೋಣೆ ತೋರಿಸಿದಳು. ಅಮ್ಮನ ಹೊಲಿಗೆ ಕೋಣೆ. ಮೆಟ್ಟಿಲಿಳಿದು, ನದಿಯ ಕಡೆ, ಇಡೀ ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು. ಅವನು ಗೋಡೆಗೆ ಹಳದಿ ಬಣ್ಣ ಬಳಿದಿದ್ದಾನೆ. ಅವಳು ಕಿಟಕಿ ತೆರೆದು, "ನದಿ ಕೇಳ್ಸುತ್ತೆ ದೊಡ್ಡಮ್ಮ, ಎಷ್ಟ್ ಚೆನ್ನಾಗಿ ನಿದ್ದೆ ಬರುತ್ತೆ" ಎಂದಳು.

ಮೇಲಿನ ರಾಜ್ಯಗಳಲ್ಲಿ ಮಳೆ ನಿಂತಿಲ್ಲ. ಆ ಮರಳಿನ ತೇಪೆ ಹೋದರೆ ಮೊದಲು ನೀರು ನುಗ್ಗುವುದು ಆ ಕಿಟಕಿಗೆ. ಅವಳನ್ನು ಅಲ್ಲಿಂದ ಬಿಡಿಸು. ನಾನು ಹೇಳಿದರೆ ಕೇಳುವುದಿಲ್ಲ, ನೀನು ಹೇಳು. ನನ್ನ ಮನೆಗೆ ಬರಲಿ. ಇದು ತಲುಪುವ ಹೊತ್ತಿಗೆ ನಿನಗೆ ಫೋನ್ ಮಾಡುತ್ತೇನೆ, ದಯವಿಟ್ಟು ಎತ್ತು.

ಅರ್ಲೀನ್


ಸ್ಪೋಕೇನ್
28 ಏಪ್ರಿಲ್ 1995

ಅಕ್ಕಾ,

ಫೋನ್ ಹಾಗೆ ಕುಕ್ಕಿದ್ದಕ್ಕೆ ಕ್ಷಮಿಸು. ಆದರೆ ನೀನು ಹೇಳಿದ್ದನ್ನ ಕೇಳಿಸಿಕೊಂಡು ಸುಮ್ಮನಿರೋಕೆ ನನ್ನ ಕೈಲಾಗಲಿಲ್ಲ.

ಹೌದು, ನಿನಗೆ ಹೇಳಲಿಲ್ಲ. ಆ ಕ್ರಿಸ್‌ಮಸ್ ಕಾರ್ಡಿಗೆ ಅಣ್ಣ ನಾಲ್ಕು ಪುಟ ಉತ್ತರ ಬರೆದ. ಅವನು ನಾಲ್ಕು ಸಾಲು ಬರೆದಿದ್ದಾದರೂ ನೋಡಿದೀಯಾ ನೀನು? ಅಮ್ಮನಿಗೆ ಹೇಳಿದ ಸುಳ್ಳಿಗೆ ಕ್ಷಮೆ ಕೇಳಿದ್ದ. ಮನೆಗೆ ಬರೋ ಮುಖ ನಿನಗಿಲ್ಲ ಅಂತ ತಾನೇ ಹೊರಗೆ ಹಾಕಿದ ನನಗೆ ಫೋನಲ್ಲಿ ಬಾ ಅನ್ನೋಕೆ ಅವನಿಗೆ ಧೈರ್ಯ ಇರಲಿಲ್ಲ, ಅದಕ್ಕೇ ಮಾಡಲಿಲ್ಲ ಅಂತ. "ಅರ್ಲೀನ್ ನನ್ನನ್ನ ಕ್ಷಮಿಸಿದಳು, ಆಮೇಲೆ ನನಗೆ ನಾಚಿಕೆಯಾಗೋಕೆ ಶುರುವಾಯ್ತು" ಅಂತ ಬರೆದಿದ್ದ. ನೀನು ಮಾಡಿದ್ದರಿಂದಲೇ ಇದೆಲ್ಲ ಆಯ್ತು. ನಿನಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ.

ಆ ಬಾಗಿಲು ತೆಗೆಯಲಿ ಅಂತ ಎಷ್ಟು ವರ್ಷ ಕಾದಿದೀನಿ ಗೊತ್ತಾ. ನನಗೆ ತೆಗೀಲಿಲ್ಲ, ನನ್ನ ಮಗಳಿಗೆ ತೆಗೆದಿದೆ. ಈಗ ನೀನು ಬಂದು ಮುಚ್ಚು ಅಂತೀಯ. ಆ ಮನೆಗೆ ಏನಾಗಿದೆ? ಐವತ್ತರ ಒಳಗಿದೆ, ಇರಬಹುದು ಅಂತ ಬರೆದವಳು ನೀನೇ ಅಲ್ವಾ?

ನಿನಗೆ ಮಕ್ಕಳಿಲ್ಲ ಅಂತ ಹೊಟ್ಟೆಕಿಚ್ಚು ಅಂತ ನಾನು ಅನ್ನಲ್ಲ. ಆದರೆ ಬೇರೆ ಕಾರಣ ನನಗೆ ಹೊಳೀತಿಲ್ಲ.

ಇನ್ನು ಫೋನ್ ಮಾಡಬೇಡ, ಎತ್ತಲ್ಲ.

ಲೋಯಿಸ್


ಕ್ಲಾಸೆನ್ಸ್ ಬೆಂಡ್
7 ಮೇ 1995

ಲೋಯಿಸ್,

ಜನೀನ ಶುಕ್ರವಾರ ಸಂಜೆ ಹಾಸ್ಟೆಲಿಗೆ ಹೋದಳು. ನಾನು ಹೊರಗೆ ಹಾಕಿದೆ.

ಗುರುವಾರ ರಾಜ್ಯದ ಕಚೇರಿಗೆ ಬರೆದೆ: ಹೊಳೆಬೀದಿಯ ಆ ಮನೆಯ ಅಂಕಿ ಸುಳ್ಳು, ನಿಜ ಅರವತ್ತೆರಡು, ಸುಳ್ಳು ಬರೆದವಳು ನಾನು. ಶುಕ್ರವಾರ ಬಾಗಿಲಿಗೆ ಕೆಂಪು ನೋಟೀಸು ಅಂಟಿಸಿದೆ. ಇಲ್ಲಿ ವಾಸ ಮಾಡಕೂಡದು. ಡೆಲ್ಬರ್ಟ್ ಜಗಲಿಯ ಮೇಲೆ ನಿಂತು ಓದಿದ, ತುಟಿ ಅಲ್ಲಾಡಿಸುತ್ತ.

"ಮೇಲಿನವರು ಹಿಡಿದುಬಿಟ್ರಾ ನಿನ್ನನ್ನ?" ಎಂದ.

ನಾನು ನೋಟೀಸಿನ ಮೂಲೆಯನ್ನು ಇನ್ನೊಮ್ಮೆ ಒತ್ತಿದೆ.

"ನನ್ನಿಂದ ನಿನ್ನ ಕೆಲಸ ಹೋಗುತ್ತಲ್ಲೇ."

ಜನೀನ ಸೂಟ್‌ಕೇಸ್ ತಂದು ಅವನ ಪಕ್ಕದಲ್ಲಿಟ್ಟಳು. ಅದೇ ಜಗಲಿ. "ಅಮ್ಮನ್ನ ಹೀಗೇ ಕಳ್ಸಿದ್ರಂತೆ," ಎಂದಳು ನನಗೆ. "ಆಗ ಮಾವ. ಈಗ ನೀವು. ಮನೆತನದ ಪದ್ಧತಿ ಅಂತ ಕಾಣುತ್ತೆ."

ಶನಿವಾರ ಪುರಸಭೆ ಸೇರಿತು. ಒಂದು ಸುಳ್ಳು ಇದ್ದರೆ ಎಷ್ಟಿವೆಯೋ ಎಂದು ಮೇಲಿನವರು ಊರನ್ನು ಎಂಟರಿಂದ ಹತ್ತಕ್ಕೆ ದೂಡುವುದು ಖಂಡಿತ, ಎಲ್ಲರ ವಿಮೆಯ ಕಡಿತವೂ ಹೋಗುತ್ತದೆ. "ದೊರೆಸಾನಿ," ಎಂದ ಮೇಯರ್, "ಬೇರೆಯವರ ಪೈ ತಿಂದು ಐವತ್ತೆಂಟು ಬರೆದೆ. ಅಣ್ಣನಿಗೆ ಮಾತ್ರ ನಲವತ್ತೊಂಬತ್ತು." ನಾನು ಕೀಲಿಕೈ ಮೇಜಿನ ಮೇಲಿಟ್ಟು ಬಂದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನಾನು ಅವನನ್ನು ಕ್ಷಮಿಸಿರಲಿಲ್ಲ. ಆ ನವೆಂಬರ್‌ನ ಕಾಗದ ತೆಗೆದು ಮತ್ತೆ ಓದು, ನಾನು ಎಲ್ಲವನ್ನೂ ಬರೆದಿದ್ದೇನೆ. ಐವತ್ತರ ಮೇಲಿನವರು ಬದುಕುತ್ತಾರೆ, ಕೆಳಗಿನವರನ್ನು ಮುಂದಿನ ನೀರು ತೆಗೆದುಕೊಂಡು ಹೋಗುತ್ತದೆ ಎಂದು ಗೊತ್ತಿದ್ದು, ಅವನು ಬೇಡಿದ್ದನ್ನು ಕೊಟ್ಟೆ. ಅರವತ್ತೆರಡು ಬರೆದಿದ್ದರೆ ಅವನು ಇವತ್ತು ಗುಡ್ಡದ ಮೇಲೆ ಹೊಸ ಮನೆಯಲ್ಲಿರುತ್ತಿದ್ದ. ನಲವತ್ತೊಂಬತ್ತೇ ನನ್ನ ಸೇಡು.

ಅದು ನಿನ್ನ ಪರವಾಗಿ ಎಂದುಕೊಂಡಿದ್ದೆ. ನೀನು ಬೇಡ ಎಂದು ಬರೆದದ್ದು ಆ ಕಾಗದಕ್ಕಿಂತ ಮುಂಚೆಯೇ. ಹಾಗಾದರೆ ಯಾರ ಪರವಾಗಿ? ಈ ಎರಡು ವಾರದಿಂದ ಕೇಳಿಕೊಳ್ಳುತ್ತಿದ್ದೇನೆ. ಅಮ್ಮ ಸಾಯುವಾಗ ಮಂಚದ ಪಕ್ಕದಲ್ಲಿ ನಾನೂ ಇದ್ದೆ. ನನ್ನ ಮನೆಯಲ್ಲೂ ಫೋನಿತ್ತು. ಅವನ ಮಾತು ನಂಬುವುದು ಸುಲಭವಾಗಿತ್ತು.

ಅರ್ಲೀನ್


ಕ್ಲಾಸೆನ್ಸ್ ಬೆಂಡ್
21 ಮೇ 1995

ಲೋಯಿಸ್,

ನೀನು ಬರೆದಿಲ್ಲ, ಆದರೂ ನಿನಗೆ ತಿಳಿಯಬೇಕು. ಮರಳಿನ ತೇಪೆ ಗುರುವಾರ ಮಧ್ಯಾಹ್ನ ಹೋಯಿತು. ಗುಡ್ಡದ ಮೇಲೆ ಎಲ್ಲರೂ ನಿಂತು ನೋಡಿದೆವು. ನೀರು ಮೊದಲು ಹಳದಿ ಕೋಣೆಗೇ ಹೋಯಿತು. ಅಲ್ಲಿಂದ ಸೂರಿನ ತನಕ ಏರಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಜನೀನ ಹಾಸ್ಟೆಲಿನಲ್ಲಿ ಕ್ಷೇಮ. ಡೆಲ್ಬರ್ಟನೂ ಕ್ಷೇಮ. ಹೊಲಿಗೆ ಮಿಷನ್ನನ್ನು ಹೊತ್ತುಕೊಂಡು ಬುಧವಾರವೇ ಮೇಲೆ ಬಂದಿದ್ದ.

ಎಷ್ಟೋ ವರ್ಷದಿಂದ ನಾನು ಎದುರುನೋಡುತ್ತಿದ್ದ ನೀರು ಅದು. ನೋಡುವಾಗ ನನಗೆ ಏನೂ ಅನ್ನಿಸಲಿಲ್ಲ. ಕಿಟಕಿಯ ಪರದೆ ಹೊರಗೆ ತೇಲಿಬಂತು.

ಅರ್ಲೀನ್


ಸ್ಪೋಕೇನ್
11 ಜೂನ್ 1995

ಅರ್ಲೀನ್,

ನವೆಂಬರ್‌ನ ಕಾಗದ ತೆಗೆದು ಓದಿದೆ. ನೀನು ಹೇಳಿದ್ದು ಸರಿ, ಎಲ್ಲ ಅಲ್ಲೇ ಇತ್ತು. ನನಗೆ ಬೇಕಾದ್ದನ್ನ ನಾನು ಓದಿಕೊಂಡೆ. ನನ್ನ ಮಗಳ ಹಾಸಿಗೆ ಮೂರು ವಾರ ಆ ಕೋಣೆಯಲ್ಲಿ ಇತ್ತು ಅಂತ ನೆನೆದರೆ ಈಗಲೂ ಸೌಟು ಕೈ ಜಾರುತ್ತೆ. ಅವಳನ್ನ ಹೊರಗೆ ಹಾಕಿದ್ದಕ್ಕೆ ನಿನಗೆ ಕೈ ಮುಗೀತೀನಿ. ಅವಳು ಅಲ್ಲಿಗೆ ಹೋಗೋ ಹಾಗೆ ಮಾಡಿದ್ದಕ್ಕೆ ಏನು ಮಾಡಲಿ, ಅದು ಹೇಳು.

ಅಣ್ಣ ಬರೆದಿದಾನೆ. ಅವನಿಗೆ ಇರೋಕೆ ಜಾಗ ಇಲ್ಲದ್ದಕ್ಕೆ ನೀನು ನಿನ್ನ ಹಿಂದಿನ ಕೋಣೆ ಕೊಟ್ಟಿದೀಯಂತೆ. ನೀನು ಅವನಿಗೋಸ್ಕರ ಕೆಲಸ ಕಳಕೊಂಡೆ ಅಂತ, ಊರೆಲ್ಲ ನಿನ್ನನ್ನ ಬಯ್ಯುತ್ತೆ ಅಂತ, ನಿನ್ನಂಥ ತಂಗಿ ಯಾರಿಗೂ ಇಲ್ಲ ಅಂತ ಬರೆದಿದಾನೆ. ಅವನಿಗೆ ಗೊತ್ತಿಲ್ಲ ಅಲ್ವಾ?

ನಿನ್ನನ್ನ ನಾನು ಬಲ್ಲೆ. ಇವತ್ತಲ್ಲ ನಾಳೆ ಅವನೆದುರು ಕೂತು ಎಲ್ಲ ಹೇಳಿಬಿಡಬೇಕು ಅನ್ನಿಸುತ್ತೆ ನಿನಗೆ. ಹೇಳಿದರೆ ಅವನು ಬಯ್ತಾನೆ, ಬಾಗಿಲು ಕುಕ್ಕಿಕೊಂಡು ಹೋಗ್ತಾನೆ, ನಿನಗೆ ಹಗುರ ಆಗುತ್ತೆ. ಬೇಡ. ಹೇಳಕೂಡದು. ಅವನು ಸಾಯೋ ತನಕ ಇಲ್ಲ ನೀನು ಸಾಯೋ ತನಕ. ಅವನಿಗೆ ಉಳಿದಿರೋದು ಆ ನಲವತ್ತೊಂಬತ್ತೊಂದೇ, ಅದನ್ನ ಕಿತ್ಕೋಬೇಡ. ಅವನು ಥ್ಯಾಂಕ್ಸ್ ಹೇಳಿದಾಗಲೆಲ್ಲ ಕೂತು ಕೇಳಿಸ್ಕೋ.

ನಾನು ಯಾರ ಮೇಲೂ ಸೇಡು ತೀರಿಸ್ಕೊಂಡವಳಲ್ಲ. ಇದೊಂದು ತೀರಿಸ್ಕೋತೀನಿ.

ಲೋಯಿಸ್


ಕ್ಲಾಸೆನ್ಸ್ ಬೆಂಡ್
19 ನವೆಂಬರ್ 1995

ಪ್ರೀತಿಯ ಲೋಯಿಸ್,

ಹೊಳೆಬೀದಿಯ ಮನೆಯನ್ನು ಸರ್ಕಾರ ಕೊಂಡಿತು. ಸೋಮವಾರ ಕೆಡವಿದರು. ಈಗ ಅಲ್ಲಿ ಹುಲ್ಲಿನ ಬೀಜ ಚೆಲ್ಲಿದ್ದಾರೆ. ನನ್ನ ಕುರ್ಚಿಗೆ ಬಂದ ಹುಡುಗಿ ನಿಯಮದ ಪುಸ್ತಕ ಹಿಡಿದುಕೊಂಡು ಆಗಾಗ ಮನೆಗೆ ಬರುತ್ತಾಳೆ, ಹಿಂದಿನ ಬಾಗಿಲಿನಿಂದ. ಊರನ್ನು ಮತ್ತೆ ಎಂಟಕ್ಕೆ ತರಲು ವರ್ಷಗಳು ಬೇಕು. ಹಿಲ್ಡಾ ಅಂಗಡಿಯಲ್ಲಿ ನನ್ನನ್ನು ನೋಡಿದರೆ ಬೇರೆ ಸಾಲಿಗೆ ಹೋಗುತ್ತಾಳೆ.

ಹೊಲಿಗೆ ಮಿಷನ್ ನನ್ನ ಮುಂದಿನ ಕಿಟಕಿಯ ಹತ್ತಿರ ಇದೆ. ಡೆಲ್ಬರ್ಟ್ ಅದಕ್ಕೆ ಎಣ್ಣೆ ಹಾಕುತ್ತಾನೆ. ಹೊಲಿಯಲು ಇಬ್ಬರಿಗೂ ಬರುವುದಿಲ್ಲ.

ಜನೀನ ಮೊದಲನೇ ಸಲ ಇವತ್ತು ಊಟಕ್ಕೆ ಬಂದಿದ್ದಳು. ನೀನು ಅವಳಿಗೆ ಎಲ್ಲ ಹೇಳಿದ್ದೀಯ ಎಂದು ಬಾಗಿಲಲ್ಲೇ ಗೊತ್ತಾಯಿತು. ಕೋಟನ್ನು ನನ್ನ ಕೈಗೆ ಕೊಡಲಿಲ್ಲ. ಹಂದಿಮಾಂಸ, ಹುಳಿ ಕೋಸು, ಬೇಯಿಸಿದ ಆಲೂಗಡ್ಡೆ ಮಾಡಿದ್ದೆ. ಮೂವರೂ ಕೂತೆವು. ಡೆಲ್ಬರ್ಟ್ ದಿನವೂ ಹೇಳುವ ಪ್ರಾರ್ಥನೆಯನ್ನೇ ಹೇಳಿದ. ಅನ್ನ ಕೊಟ್ಟಿದ್ದಕ್ಕೆ, ಸೂರು ಕೊಟ್ಟಿದ್ದಕ್ಕೆ, "ಮತ್ತೆ ನಾನು ಯೋಗ್ಯನಲ್ಲದಿದ್ದಾಗ ನನಗೆ ನಲವತ್ತೊಂಬತ್ತು ಕೊಟ್ಟ ನನ್ನ ತಂಗಿಗೋಸ್ಕರ."

ಜನೀನ ಕಣ್ಣು ಮುಚ್ಚಿರಲಿಲ್ಲ. ಮೇಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು, ನಾನು ಏನು ಮಾಡುತ್ತೇನೆ ಎಂದು.

ಆಮೆನ್ ಎಂದೆ. ಮೊದಲು ಅವನಿಗೆ ಬಡಿಸಿದೆ.

ಅರ್ಲೀನ್